ಚಂದ್ರನೂ ಜವೆಗೋಧಿಯೂ: ಹೀಬ್ರೂ ಪಂಚಾಂಗ ಮತ್ತು ಬೈಬಲ್‌ನ ಹಬ್ಬಗಳು

ಹೀಬ್ರೂ ಪಂಚಾಂಗದಲ್ಲಿ ದಿನ ಶುರುವಾಗುವುದು ಸೂರ್ಯ ಮುಳುಗಿದ ಮೇಲೆ. ಆದಿಕಾಂಡದ ಮೊದಲ ಅಧ್ಯಾಯ ಸೃಷ್ಟಿಯ ಒಂದೊಂದು ದಿನವನ್ನೂ ಮೊದಲು ಸಂಜೆ, ಆಮೇಲೆ ಬೆಳಗು ಎಂಬ ಕ್ರಮದಲ್ಲಿ ಮುಗಿಸುತ್ತದೆ. ದೋಷಪರಿಹಾರಕ ದಿನದ ಉಪವಾಸ ಒಂಬತ್ತನೆಯ ತಾರೀಖಿನ ಸಂಜೆಯಿಂದ ಮರುದಿನ ಸಂಜೆಯವರೆಗೆ ಎಂದು ಯಾಜಕಕಾಂಡ 23:32 ಬಿಡಿಸಿ ಹೇಳುತ್ತದೆ. ಇದು ಗೊತ್ತಿಲ್ಲದಿದ್ದರೆ ಸುವಾರ್ತೆಗಳ ಕೆಲವು ಸನ್ನಿವೇಶಗಳ ಹಿಂದಿನ ಅವಸರ ಅರ್ಥವಾಗುವುದಿಲ್ಲ. ಕಪೆರ್ನೌಮಿನ ಜನ ರೋಗಿಗಳನ್ನು ಯೇಸುವಿನ ಬಳಿಗೆ ಕರೆತಂದದ್ದು ಹೊತ್ತು ಮುಳುಗಿದ ಮೇಲೆ (ಮಾರ್ಕ 1:32). ಅಷ್ಟುಹೊತ್ತಿಗೆ ಸಬ್ಬತ್ ಕಳೆದಿತ್ತು, ಯಾರನ್ನಾದರೂ ಹೊತ್ತು ತರಲು ಅಡ್ಡಿಯಿರಲಿಲ್ಲ. ಶಿಲುಬೆಯಿಂದ ಇಳಿಸಿದ ದೇಹವನ್ನು ತರಾತುರಿಯಲ್ಲಿ ಸಮಾಧಿ ಮಾಡಿದ್ದಕ್ಕೂ ಕಾರಣ ಇದೇ, ಸೂರ್ಯಾಸ್ತಕ್ಕೆ ಸಬ್ಬತ್ ಹಿಡಿಯುತ್ತಿತ್ತು. ಬೆಳಗಿನಿಂದ ಬೆಳಗಿಗೆ ದಿನ ಎಣಿಸಿದ ಕುರುಹುಗಳೂ ಹಳೆಯ ಒಡಂಬಡಿಕೆಯಲ್ಲಿ ಇಲ್ಲದಿಲ್ಲ. ಯಜ್ಞದ ಮಾಂಸವನ್ನು ಅದೇ ದಿನ ತಿನ್ನಬೇಕು, ಮರುದಿನ ಬೆಳಗಿಗೆ ಉಳಿಸಬಾರದು ಎಂಬ ನಿಯಮದಲ್ಲಿ (ಯಾಜಕಕಾಂಡ 7:15) ರಾತ್ರಿಯೂ ಹಿಂದಿನ ಹಗಲಿಗೇ ಸೇರಿದಂತಿದೆ. ಒಂದು ಜನಾಂಗದ ಸಾವಿರ ವರ್ಷಗಳ ಬರಹದಲ್ಲಿ ಎಲ್ಲ ಕಡೆಯೂ ಒಂದೇ ಲೆಕ್ಕವನ್ನು ನಿರೀಕ್ಷಿಸುವುದೇ ತಪ್ಪು.

ತಿಂಗಳು ಶುರುವಾಗುವುದು ಅಮಾವಾಸ್ಯೆಯ ದಿನವಲ್ಲ, ಅದು ಕಳೆದು ಪಡುವಣದಲ್ಲಿ ಎಳೆ ಚಂದ್ರ ಕಣ್ಣಿಗೆ ಬಿದ್ದ ಸಂಜೆ. ಸೂರ್ಯ ಚಂದ್ರರು ಆಕಾಶದಲ್ಲಿ ಜೊತೆಗೂಡುವ ಗಳಿಗೆ ಯಾರಿಗೂ ಕಾಣುವುದಿಲ್ಲ. ಕಾಣುವುದು ಒಂದೆರಡು ದಿನದ ನಂತರ, ಸೂರ್ಯ ಇಳಿದ ಮೇಲೆ ಅರ್ಧ ಮುಕ್ಕಾಲು ಗಂಟೆ ಮಾತ್ರ ನಿಲ್ಲುವ ಬೆಳ್ಳಿಯ ಗೆರೆ. ಒಂದು ಎಳೆ ಚಂದ್ರನಿಂದ ಇನ್ನೊಂದಕ್ಕೆ ಸರಾಸರಿ 29.53 ದಿನ. ಹಾಗಾಗಿ ತಿಂಗಳಿಗೆ 29 ಇಲ್ಲವೇ 30 ದಿನ, ಇದರ ಹೊರತು ಬೇರೆ ಸಾಧ್ಯತೆಯೇ ಇಲ್ಲ. 29ನೆಯ ದಿನದ ಸಂಜೆ ಚಂದ್ರ ಕಂಡರೆ ಹೊಸ ತಿಂಗಳು, ಕಾಣದಿದ್ದರೆ ಹಳೆಯ ತಿಂಗಳಿಗೆ ಇನ್ನೊಂದು ದಿನ. ದಾವೀದನೂ ಯೋನಾತಾನನೂ ಮರುದಿನದ ಹೊಸಚಂದ್ರನ ಔತಣದ ಬಗ್ಗೆ ಮುಂಚಿತವಾಗಿಯೇ ಮಾತಾಡಿಕೊಳ್ಳುವುದೂ, ಸೌಲನ ಮನೆಯ ಊಟ ಎರಡನೆಯ ದಿನಕ್ಕೂ ಮುಂದುವರಿಯುವುದೂ (1 ಸಮುವೇಲ 20) ಈ ಒಂದು ದಿನದ ಅನಿಶ್ಚಯದ ಫಲವಿರಬಹುದು.

ಇಂಥ ಹನ್ನೆರಡು ತಿಂಗಳು ಸೇರಿದರೆ 354 ದಿನ ಚಿಲ್ಲರೆ. ಋತುಗಳು ಸುತ್ತಿಬರಲು ಬೇಕಾದದ್ದು 365 ದಿನ ಚಿಲ್ಲರೆ. ವರ್ಷಕ್ಕೆ ಸುಮಾರು 11 ದಿನದ ಕೊರತೆ. ಇಸ್ಲಾಮಿನ ಪಂಚಾಂಗ ಈ ಕೊರತೆಯನ್ನು ಹಾಗೆಯೇ ಬಿಡುತ್ತದೆ, ಅದಕ್ಕೇ ರಂಜಾನ್ ಎಲ್ಲ ಋತುಗಳಲ್ಲೂ ಸುತ್ತುತ್ತದೆ. ಹೀಬ್ರೂ ಪಂಚಾಂಗಕ್ಕೆ ಆ ಸ್ವಾತಂತ್ರ್ಯವಿಲ್ಲ. ಮೊದಲ ತಿಂಗಳಲ್ಲಿ ಪಸ್ಕಹಬ್ಬ ಬಂದ ಬೆನ್ನಿಗೇ ಹೊಸ ಜವೆಗೋಧಿಯ ಸಿವುಡನ್ನು ಯಾಜಕನ ಬಳಿಗೆ ತರಬೇಕು (ಯಾಜಕಕಾಂಡ 23:10). ಹೊಲದಲ್ಲಿ ತೆನೆ ಬಲಿಯದಿದ್ದರೆ ಹಬ್ಬ ನಡೆಯುವ ಹಾಗಿಲ್ಲ. ಆದ್ದರಿಂದ ಎರಡು ಮೂರು ವರ್ಷಕ್ಕೊಮ್ಮೆ ಹದಿಮೂರನೆಯ ತಿಂಗಳೊಂದನ್ನು ಸೇರಿಸಲೇಬೇಕು. ಯುಗಾದಿ, ದೀಪಾವಳಿಗಳ ತಾರೀಖು ನೋಡಿ ಬೆಳೆದವರಿಗೆ ಇದು ಹೊಸದಲ್ಲ. ಚಾಂದ್ರಮಾನದ ಅಧಿಕಮಾಸಕ್ಕೂ ಕಾರಣ ಇದೇ, ಅದು ಬರುವ ಸರಾಸರಿಯೂ ಹೆಚ್ಚುಕಡಿಮೆ ಒಂದೇ: 19 ವರ್ಷಕ್ಕೆ ಏಳು. ವ್ಯತ್ಯಾಸವಿರುವುದು ಜಾಗದಲ್ಲಿ. ನಮ್ಮಲ್ಲಿ ಸಂಕ್ರಮಣವಿಲ್ಲದ ತಿಂಗಳು ಯಾವುದೋ ಅದೇ ಅಧಿಕ. ಹೀಬ್ರೂ ಪಂಚಾಂಗದಲ್ಲಿ ಅದು ಯಾವಾಗಲೂ ವರ್ಷದ ಕೊನೆಯ ಅದಾರ್ ತಿಂಗಳ ಪಕ್ಕದಲ್ಲೇ. 2023ರಲ್ಲಿ ಇಲ್ಲಿ ಅಧಿಕ ಶ್ರಾವಣ ಬಂದಿತ್ತು, ಅಲ್ಲಿ ಅಧಿಕ ಅದಾರ್ ಬಂದದ್ದು 2024ರ ಫೆಬ್ರುವರಿಯಲ್ಲಿ. ನಡುವಿನ ತಿಂಗಳುಗಳಲ್ಲಿ ಎರಡು ಪಂಚಾಂಗಗಳೂ ಹೊಂದಿಕೆ ತಪ್ಪಿದ್ದರೂ, 2024ರ ಏಪ್ರಿಲ್ 9ರಂದು ಯುಗಾದಿಯೂ ಹೀಬ್ರೂ ಪಂಚಾಂಗದ ಮೊದಲ ತಿಂಗಳಾದ ನಿಸಾನ್‌ನ ಮೊದಲ ದಿನವೂ ಒಟ್ಟಿಗೇ ಬಂದವು.

ಪಂಚಾಂಗಕ್ಕೂ ಬೇಸಾಯಕ್ಕೂ ಇರುವ ಈ ನಂಟಿಗೆ ಕಲ್ಲಿನ ಸಾಕ್ಷಿಯೂ ಇದೆ. 1908ರಲ್ಲಿ ಪುರಾತತ್ವಜ್ಞ ಮೆಕಾಲಿಸ್ಟರ್ ಗೆಜೆರ್ ಎಂಬ ಹಳೆಯ ಪಟ್ಟಣದ ಉತ್ಖನನದಲ್ಲಿ ಅಂಗೈಯಗಲದ ಸುಣ್ಣಕಲ್ಲಿನ ಹಲಗೆಯೊಂದನ್ನು ಪತ್ತೆಮಾಡಿದ. ಕ್ರಿ.ಪೂ. 10ನೆಯ ಶತಮಾನದ್ದೆಂದು ಎಣಿಸಲಾದ ಅದು ಈಗ ಇಸ್ತಾಂಬುಲ್‌ನ ವಸ್ತುಸಂಗ್ರಹಾಲಯದಲ್ಲಿದೆ. ಅದರಲ್ಲಿ ತಿಂಗಳಿಗೆ ಹೆಸರಿಲ್ಲ, ಕೆಲಸವಿದೆ. ಫಸಲು ಕೂಡಿಡುವ ಎರಡು ತಿಂಗಳು, ಬಿತ್ತನೆಯ ಎರಡು, ತಡವಾದ ಬಿತ್ತನೆಯ ಎರಡು, ಅಗಸೆ ಕೀಳುವ ಒಂದು, ಜವೆಗೋಧಿ ಕೊಯ್ಯುವ ಒಂದು, ಹೀಗೆ ಹಣ್ಣಿನ ತಿಂಗಳವರೆಗೆ. ಪಟ್ಟಿ ಶುರುವಾಗುವುದು ಮಳೆಗಾಲದ ಮುಂಚಿನ ಶರತ್ಕಾಲದಲ್ಲಿ ಎಂಬುದು ಗಮನಾರ್ಹ. ಪ್ಯಾಲೆಸ್ಟೈನಿನಲ್ಲಿ ಮಳೆ ಬೀಳುವುದು ಚಳಿಗಾಲದಲ್ಲಿ. ಅಕ್ಟೋಬರ್ ನವೆಂಬರಿನ ಮುಂಗಾರು ನೆಲವನ್ನು ಮೆತ್ತಗೆ ಮಾಡುತ್ತದೆ, ಮಾರ್ಚ್ ಏಪ್ರಿಲಿನ ಹಿಂಗಾರು ಕಾಳು ತುಂಬುತ್ತದೆ, ಬೇಸಿಗೆ ಪೂರ್ತಿ ಒಣ. ಬೈಬಲ್‌ನ ಮುಂಗಾರು ಹಿಂಗಾರುಗಳನ್ನು ಕರ್ನಾಟಕದ ಜೂನ್ ಮಳೆಗೆ ಹೊಂದಿಸಿ ಓದಿದರೆ ಎಲ್ಲ ತಲೆಕೆಳಗಾಗುತ್ತದೆ.

ತಿಂಗಳ ಹೆಸರುಗಳಲ್ಲಿ ಎರಡು ಪದರಗಳಿವೆ. ಹಳೆಯ ಪದರದಲ್ಲಿ ಆಬೀಬ್, ಜೀವ್, ಏತಾನೀಮ್, ಬೂಲ್ ಎಂಬ ನಾಲ್ಕು ಮಾತ್ರ ಉಳಿದಿವೆ, ಅವುಗಳಲ್ಲಿ ಮೂರು ಸೊಲೊಮೋನ ದೇವಾಲಯ ಕಟ್ಟಿಸಿದ ಕಥೆಯಲ್ಲಿ (1 ಅರಸುಗಳು 6 ಮತ್ತು 8). ಬಹುಪಾಲು ಕಡೆ ಮೊದಲನೆಯ ತಿಂಗಳು, ಏಳನೆಯ ತಿಂಗಳು ಎಂಬ ಎಣಿಕೆಯೇ ಇದೆ. ಇಂದು ಬಳಕೆಯಲ್ಲಿರುವ ನಿಸಾನ್, ಇಯ್ಯಾರ್, ಸೀವಾನ್, ತಮ್ಮೂಜ್, ಆಬ್, ಎಲೂಲ್, ತಿಶ್ರಿ, ಮರ್‌ಹೆಶ್ವಾನ್, ಕಿಸ್ಲೇವ್, ಟೇಬೇತ್, ಶೆಬಾಟ್, ಅದಾರ್‌ಗಳೆಲ್ಲ ಬಾಬಿಲೋನಿನಿಂದ ಬಂದವು. ಸೆರೆಯಿಂದ ಮರಳಿದವರು ಹೆಸರುಗಳನ್ನೂ ಹೊತ್ತು ತಂದರು. ಆದ್ದರಿಂದಲೇ ಅವು ಕಾಣುವುದು ನೆಹೆಮೀಯ, ಎಸ್ತೇರಳು, ಎಜ್ರ, ಜೆಕರ್ಯರಂಥ ತಡವಾದ ಪುಸ್ತಕಗಳಲ್ಲಿ. ಒಂದು ತಿಂಗಳಿಗಂತೂ ಬಾಬಿಲೋನಿನ ದೇವರ ಹೆಸರೇ ಉಳಿದುಕೊಂಡಿತು. ಹೆಂಗಸರು ತಮ್ಮೂಜ್ ದೇವತೆಗಾಗಿ ಅಳುವುದನ್ನು ಯೆಹೆಜ್ಕೇಲ (8:14) ಅಸಹ್ಯವೆಂದು ಬರೆದ. ಅವನ ಜನ ಆ ತಿಂಗಳನ್ನು ಇಂದಿಗೂ ತಮ್ಮೂಜ್ ಎಂದೇ ಕರೆಯುತ್ತಾರೆ.

ವರ್ಷ ಶುರುವಾಗುವುದು ಯಾವಾಗ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಐಗುಪ್ತದಿಂದ ಹೊರಟ ತಿಂಗಳೇ ಮೊದಲನೆಯದು ಎಂದು ವಿಮೋಚನಕಾಂಡ 12 ವಿಧಿಸುತ್ತದೆ. ಅದು ವಸಂತದ ನಿಸಾನ್. ಆದರೆ ಫಸಲಿನ ವರ್ಷ ಮುಗಿಯುವುದು ಶರತ್ಕಾಲದಲ್ಲಿ, ಇಂದಿನ ಯೆಹೂದ್ಯರ ಹೊಸ ವರ್ಷವೂ ಏಳನೆಯ ತಿಂಗಳಾದ ತಿಶ್ರಿಯ ಮೊದಲ ದಿನ. ಕ್ರಿ.ಶ. 200ರ ಸುಮಾರಿಗೆ ಸಂಕಲನಗೊಂಡ ಯೆಹೂದ್ಯ ನಿಯಮಸಂಗ್ರಹ ಮಿಶ್ನಾ ನಾಲ್ಕು ವರ್ಷಾರಂಭಗಳನ್ನು ಹೇಳುತ್ತದೆ. ಅರಸರಿಗೂ ಹಬ್ಬಗಳಿಗೂ ನಿಸಾನ್, ದನಕರುಗಳ ದಶಮಾಂಶಕ್ಕೆ ಎಲೂಲ್, ವರ್ಷದ ಎಣಿಕೆಗೆ ತಿಶ್ರಿ, ಮರಗಳಿಗೆ ಶೆಬಾಟ್. ನಮ್ಮಲ್ಲೂ ಹಣಕಾಸಿನ ವರ್ಷ ಏಪ್ರಿಲಿನಲ್ಲಿ, ಶಾಲೆಯ ವರ್ಷ ಜೂನಿನಲ್ಲಿ ಶುರುವಾಗುವುದರಿಂದ ಇದನ್ನು ವಿಚಿತ್ರವೆಂದು ಭಾವಿಸಬೇಕಿಲ್ಲ. ಆದರೆ ಕಾಲಗಣನೆಯಲ್ಲಿ ಇದು ತೊಡಕಾಗುತ್ತದೆ. ನೆಹೆಮೀಯನ ಮೊದಲ ಅಧ್ಯಾಯ ಶುರುವಾಗುವುದು ಇಪ್ಪತ್ತನೆಯ ವರ್ಷದ ಕಿಸ್ಲೇವ್‌ನಲ್ಲಿ, ಅಂದರೆ ಚಳಿಗಾಲದಲ್ಲಿ. ಎರಡನೆಯ ಅಧ್ಯಾಯ ನಾಲ್ಕು ತಿಂಗಳ ನಂತರದ ನಿಸಾನ್‌ನಲ್ಲಿ, ಆದರೂ ಅದೇ ಅರ್ತಷಸ್ತನ ಇಪ್ಪತ್ತನೆಯ ವರ್ಷ. ವರ್ಷ ನಿಸಾನ್‌ನಿಂದ ಶುರುವಾಗುವುದಾದರೆ ಅದು ಇಪ್ಪತ್ತೊಂದಾಗಬೇಕಿತ್ತು. ಪ್ರತಿ ಮಾಡಿದವರ ತಪ್ಪು ಎನ್ನುವವರಿದ್ದಾರೆ. ನೆಹೆಮೀಯ ವರ್ಷವನ್ನು ತಿಶ್ರಿಯಿಂದ ಎಣಿಸಿದ ಎಂದುಕೊಂಡರೆ ಮೂಲವನ್ನು ತಿದ್ದದೆಯೇ ಲೆಕ್ಕ ಸರಿಹೋಗುತ್ತದೆ.

ಇನ್ನು ಹಬ್ಬಗಳು. ಇವುಗಳ ಪೂರ್ತಿ ಪಟ್ಟಿ ಯಾಜಕಕಾಂಡದ 23ನೆಯ ಅಧ್ಯಾಯದಲ್ಲಿದೆ. ನಿಸಾನ್ 14ರ ಸಂಜೆ ಪಸ್ಕದ ಕುರಿಮರಿಯ ವಧೆ, 15ರಿಂದ ಏಳು ದಿನ ಹುಳಿಯಿಲ್ಲದ ರೊಟ್ಟಿಗಳ ಹಬ್ಬ. ತಿಂಗಳು ಎಳೆ ಚಂದ್ರನಿಂದ ಶುರುವಾಗುವುದರಿಂದ 15ನೆಯ ರಾತ್ರಿ ಹುಣ್ಣಿಮೆಯ ಆಸುಪಾಸಿನದೇ ಆಗಬೇಕು. ಹೀಗಾಗಿ ಗೆತ್ಸೇಮನೆ ತೋಟದಲ್ಲಿ ಯೇಸು ಸೆರೆಸಿಕ್ಕ ರಾತ್ರಿ ಬೆಳದಿಂಗಳಿತ್ತು, ಮೋಡವಿರದಿದ್ದರೆ. ಬಂಧಿಸಲು ಬಂದವರು ಪಂಜು ದೀಪಗಳನ್ನು ಹಿಡಿದಿದ್ದರೆಂದು ಯೋಹಾನ (18:3) ಹೇಳುತ್ತಾನೆ. ಎಣ್ಣೆಮರಗಳ ನೆರಳಿನಲ್ಲಿ ಹುಡುಕಲು ಅವು ಬೇಕಾಗಿದ್ದಿರಬಹುದು. ಅಶುದ್ಧನಾಗಿದ್ದವನಿಗೆ, ದೂರ ಪ್ರಯಾಣದಲ್ಲಿದ್ದವನಿಗೆ ಒಂದು ತಿಂಗಳ ನಂತರ ಎರಡನೆಯ ಅವಕಾಶವೂ ಉಂಟು (ಅರಣ್ಯಕಾಂಡ 9). ಅರಸ ಹಿಜ್ಕೀಯ ಈ ನಿಯಮವನ್ನು ಹಿಡಿದು ಇಡೀ ರಾಜ್ಯದ ಪಸ್ಕವನ್ನೇ ಎರಡನೆಯ ತಿಂಗಳಿಗೆ ಮುಂದೂಡಿದ.

ಪಸ್ಕದ ನಂತರದ ಸಿವುಡಿನ ಅರ್ಪಣೆ ಸಬ್ಬತ್ತಿನ ಮರುದಿನ ನಡೆಯಬೇಕು, ಅಲ್ಲಿಂದ ಐವತ್ತನೆಯ ದಿನ ವಾರಗಳ ಹಬ್ಬ. ಯಾವ ಸಬ್ಬತ್? ಈ ಒಂದು ಪದದ ಮೇಲೆ ಪಂಗಡಗಳೇ ಒಡೆದವು. ಫರಿಸಾಯರ ಪ್ರಕಾರ ಸಬ್ಬತ್ ಎಂದರೆ ಹಬ್ಬದ ಮೊದಲ ದಿನದ ವಿರಾಮ, ಆದ್ದರಿಂದ ಸಿವುಡು ಯಾವಾಗಲೂ ನಿಸಾನ್ 16ರಂದು. ಸದ್ದುಕಾಯರ ಗುಂಪಿನವರ ಪ್ರಕಾರ ಅದು ವಾರದ ಸಬ್ಬತ್ತೇ, ಆದ್ದರಿಂದ ಸಿವುಡೂ ಐವತ್ತನೆಯ ದಿನವೂ ಭಾನುವಾರವೇ ಬರಬೇಕು. ಇಂದಿನ ಯೆಹೂದ್ಯರು ಫರಿಸಾಯರ ದಾರಿಯಲ್ಲಿದ್ದಾರೆ. ಕ್ರೈಸ್ತರ ಪಂಚಾಶತ್ತಮ ಭಾನುವಾರದಲ್ಲಿ ನಿಂತಿದೆ. ಪಸ್ಕಕ್ಕೆ ಹುಳಿ ನಿಷಿದ್ಧವಾದರೆ ವಾರಗಳ ಹಬ್ಬಕ್ಕೆ ಹುಳಿಹಾಕಿದ ಎರಡು ರೊಟ್ಟಿಗಳೇ ಕಾಣಿಕೆ, ಅಷ್ಟುಹೊತ್ತಿಗೆ ಗೋಧಿಯ ಸುಗ್ಗಿ. ರೂತಳ ಕಥೆ ನಡೆಯುವುದು ಈ ಐವತ್ತು ದಿನಗಳ ಹೊಲಗಳಲ್ಲಿ. ಸೀನಾಯಿ ಬೆಟ್ಟದಲ್ಲಿ ಧರ್ಮಶಾಸ್ತ್ರ ದೊರೆತ ದಿನವೇ ಈ ಹಬ್ಬ ಎಂಬುದು ನಂತರದ ಸಂಪ್ರದಾಯ, ಬೈಬಲ್ ಅದನ್ನು ಎಲ್ಲಿಯೂ ಹೇಳುವುದಿಲ್ಲ.

ಬೇಸಿಗೆಯಲ್ಲಿ ಹಬ್ಬಗಳಿಲ್ಲ. ಏಳನೆಯ ತಿಂಗಳಲ್ಲಿ ಒಂದರ ಮೇಲೊಂದು ಬರುತ್ತವೆ. ಮೊದಲ ದಿನ ತುತೂರಿಗಳ ಧ್ವನಿ. ಅದನ್ನು ಹೊಸ ವರ್ಷವೆಂದು ಮೋಶೆಯ ಧರ್ಮಶಾಸ್ತ್ರ ಕರೆಯುವುದಿಲ್ಲ. ಹತ್ತನೆಯ ದಿನ ದೋಷಪರಿಹಾರಕ ದಿನ, ಮಹಾಯಾಜಕ ಮಹಾಪವಿತ್ರಸ್ಥಾನವನ್ನು ಪ್ರವೇಶಿಸುವ ವರ್ಷದ ಏಕೈಕ ದಿನ. ಹದಿನೈದರ ಹುಣ್ಣಿಮೆಯಿಂದ ಏಳು ದಿನ ಪರ್ಣಶಾಲೆಗಳ ಹಬ್ಬ. ಮೊದಲ ದಿನ 13 ಹೋರಿ, ದಿನಕ್ಕೊಂದು ಕಡಿಮೆಯಾಗುತ್ತ ಏಳನೆಯ ದಿನ 7, ಒಟ್ಟು 70 (ಅರಣ್ಯಕಾಂಡ 29). ವರ್ಷದ ಬೇರಾವ ಹಬ್ಬಕ್ಕೂ ಇಷ್ಟು ಬಲಿಯಿಲ್ಲ. ಕಣಜ ತುಂಬಿ, ಮಳೆ ಇನ್ನೂ ಬಾರದ ಕಾಲವಿದು. ಎರಡನೆಯ ದೇವಾಲಯದ ಕೊನೆಯ ಶತಮಾನದಲ್ಲಿ ಯಾಜಕರು ದಿನವೂ ಸಿಲೋವ ಕೊಳದಿಂದ ನೀರು ತಂದು ವೇದಿಕೆಯ ಮೇಲೆ ಸುರಿಯುತ್ತಿದ್ದರು, ರಾತ್ರಿ ಸ್ತ್ರೀಯರ ಅಂಗಳದಲ್ಲಿ ಎತ್ತರದ ದೀಪಸ್ತಂಭಗಳನ್ನು ಹೊತ್ತಿಸುತ್ತಿದ್ದರು. ಯೋಹಾನನ ಸುವಾರ್ತೆಯಲ್ಲಿ ಯೇಸು ಇದೇ ಹಬ್ಬಕ್ಕೆ ಬಂದು ಜೀವಜಲದ ಬಗ್ಗೆ, ಆಮೇಲೆ ಲೋಕದ ಬೆಳಕಿನ ಬಗ್ಗೆ ಮಾತಾಡುತ್ತಾನೆ (7 ಮತ್ತು 8ನೆಯ ಅಧ್ಯಾಯಗಳು). ಆ ಮಾತುಗಳು ಕೇಳುಗರ ಕಣ್ಣೆದುರಿನ ಕೊಡ ಮತ್ತು ದೀಪಗಳನ್ನು ಕುರಿತು ಆಡಿದವಿರಬಹುದು.

ಪೂರೀಮ್ ಮತ್ತು ಪ್ರತಿಷ್ಠೆಯ ಹಬ್ಬ ಮೋಶೆಯ ಪಟ್ಟಿಯಲ್ಲಿಲ್ಲ. ಪೂರೀಮ್ ಅದಾರ್ 14ರಂದು, ಎಸ್ತೇರಳ ಕಥೆಯ ನೆನಪಿಗೆ. ಪ್ರತಿಷ್ಠೆಯ ಹಬ್ಬ ಕಿಸ್ಲೇವ್ 25ರಿಂದ ಎಂಟು ದಿನ, ಕ್ರಿ.ಪೂ. 164ರಲ್ಲಿ ಮಕ್ಕಬಿಯರು ದೇವಾಲಯವನ್ನು ಶುದ್ಧಿಗೊಳಿಸಿದ ನೆನಪು. ಅದರ ಉಲ್ಲೇಖ ಯೋಹಾನ 10:22ರಲ್ಲಿದೆ, ಆಗ ಚಳಿಗಾಲವಿತ್ತೆಂಬ ವಿವರದೊಡನೆ.

ಇಷ್ಟೆಲ್ಲ ಹಬ್ಬಗಳ ತಾರೀಖು ಕೊನೆಗೆ ನಿಂತದ್ದು ಇಬ್ಬರು ಸಾಕ್ಷಿಗಳ ಮಾತಿನ ಮೇಲೆ. ಎಳೆ ಚಂದ್ರನನ್ನು ಕಂಡವರು ಯೆರೂಸಲೇಮಿನ ಬೇತ್ ಯಾಜೇಕ್ ಎಂಬ ಅಂಗಳಕ್ಕೆ ಬರಬೇಕಿತ್ತು. ಅಲ್ಲಿ ಹಿರಿಯರ ಸಭೆ ಅವರಿಗೆ ಊಟವಿಟ್ಟು, ಒಬ್ಬೊಬ್ಬರನ್ನೇ ಕರೆದು ವಿಚಾರಿಸುತ್ತಿತ್ತು ಎಂದು ಮಿಶ್ನಾ ಹೇಳುತ್ತದೆ. ಚಂದ್ರನ ಕೊಂಬು ಯಾವ ಕಡೆಗಿತ್ತು? ಎಷ್ಟು ಎತ್ತರದಲ್ಲಿತ್ತು? ಸಭೆಯ ಮುಖ್ಯಸ್ಥ ರಬ್ಬಾನ್ ಗಮಲಿಯೇಲನ ಮಾಳಿಗೆಯ ಗೋಡೆಯಲ್ಲಿ ಚಂದ್ರನ ಆಕೃತಿಗಳ ಚಿತ್ರವಿತ್ತು, ನೀನು ಕಂಡದ್ದು ಹೀಗೋ ಹಾಗೋ ಎಂದು ತೋರಿಸಿ ಕೇಳುತ್ತಿದ್ದ. ಒಮ್ಮೆ ಅವನು ಒಪ್ಪಿದ ಸಾಕ್ಷ್ಯವನ್ನು ರಬ್ಬಿ ಯೆಹೋಶುವ ಒಪ್ಪಲಿಲ್ಲ. ಯೆಹೋಶುವನ ಲೆಕ್ಕದಲ್ಲಿ ದೋಷಪರಿಹಾರಕ ದಿನವಾಗಬೇಕಿದ್ದ ದಿನವೇ ಕೋಲು ಹಿಡಿದು, ಹಣದ ಚೀಲ ಹೊತ್ತು ತನ್ನೆದುರು ಬರಬೇಕೆಂದು ಗಮಲಿಯೇಲ ಆಜ್ಞೆ ಮಾಡಿದ. ಯೆಹೋಶುವ ಹೋದ. ಖಗೋಳಕ್ಕಿಂತ ಸಭೆಯ ತೀರ್ಪು ದೊಡ್ಡದು ಎಂಬ ತತ್ವಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಸಿಗದು. ಅಧಿಕ ತಿಂಗಳ ತೀರ್ಮಾನವೂ ಹೀಗೆಯೇ ಸಭೆಯದು: ಜವೆಗೋಧಿ ಬಲಿತಿದೆಯೇ, ಮರಗಳಲ್ಲಿ ಕಾಯಿ ಬಿಟ್ಟಿದೆಯೇ, ಸೂರ್ಯ ಎಲ್ಲಿದ್ದಾನೆ ಎಂದು ನೋಡಿ ನಿರ್ಧರಿಸುತ್ತಿದ್ದರು.

ತೀರ್ಪನ್ನು ಎಣ್ಣೆಮರಗಳ ಗುಡ್ಡದಿಂದ ಬೆಟ್ಟಬೆಟ್ಟಗಳ ಬೆಂಕಿಯ ಮೂಲಕ ಬಾಬಿಲೋನಿನವರೆಗೆ ಮುಟ್ಟಿಸುತ್ತಿದ್ದರು. ಸಮಾರ್ಯದವರು ಸುಳ್ಳು ಬೆಂಕಿ ಹಚ್ಚಿ ಗೊಂದಲ ಮಾಡಿದ ಮೇಲೆ ದೂತರನ್ನು ಕಳಿಸತೊಡಗಿದರು. ದೂತರು ತಲುಪದ ದೂರದವರು ಅನುಮಾನಕ್ಕೆ ಹಬ್ಬವನ್ನು ಎರಡು ದಿನ ಆಚರಿಸಿದರು, ಇಸ್ರೇಲಿನ ಹೊರಗಿನ ಸಂಪ್ರದಾಯಸ್ಥ ಯೆಹೂದ್ಯರಲ್ಲಿ ಆ ರೂಢಿ ಈಗಲೂ ಇದೆ.

ಈ ವ್ಯವಸ್ಥೆಯನ್ನೇ ತಿರಸ್ಕರಿಸಿದವರೂ ಇದ್ದರು. ಮೃತ ಸಮುದ್ರದ ಬಳಿಯ ಕುಮ್ರಾನ್ ಗುಹೆಗಳಲ್ಲಿ 1947ರಿಂದಾಚೆಗೆ ಸಿಕ್ಕ ಸುರುಳಿಗಳಲ್ಲಿ 364 ದಿನಗಳ ಪಂಚಾಂಗವಿದೆ. 364ನ್ನು 7ರಿಂದ ಭಾಗಿಸಿದರೆ ಸರಿಯಾಗಿ 52 ವಾರ. ಆದ್ದರಿಂದ ಪ್ರತಿ ವರ್ಷವೂ ಹೊಸ ವರ್ಷ ಬುಧವಾರ, ಪಸ್ಕ ಮಂಗಳವಾರ, ವಾರಗಳ ಹಬ್ಬ ಮೂರನೆಯ ತಿಂಗಳ 15ರ ಭಾನುವಾರ. ಕಾಗದದ ಮೇಲೆ ಬಲು ಸೊಗಸು, ಆದರೆ ವರ್ಷಕ್ಕೆ ಒಂದೂಕಾಲು ದಿನ ಋತುವಿನಿಂದ ಜಾರುತ್ತದೆ. ಹಬಕ್ಕೂಕನ ಮೇಲಿನ ಅವರ ವ್ಯಾಖ್ಯಾನದಲ್ಲಿ ದುಷ್ಟ ಯಾಜಕನೊಬ್ಬ ದೋಷಪರಿಹಾರಕ ದಿನದಂದೇ ತಮ್ಮ ಗುರುವಿನ ಮೇಲೆ ಎರಗಿದನೆಂಬ ದೂರಿದೆ. ಯಾಜಕನೊಬ್ಬ ಅಂಥ ದಿನ ದೇವಾಲಯ ಬಿಟ್ಟು ಬರುವುದು ಸಾಧ್ಯವಾಗಿದ್ದು ಅವನ ಪಂಚಾಂಗದಲ್ಲಿ ಅದು ಬೇರೆ ದಿನವಾಗಿದ್ದರಿಂದ ಇರಬಹುದು.

ಇಂದಿನ ಯೆಹೂದ್ಯ ಪಂಚಾಂಗದಲ್ಲಿ ಸಾಕ್ಷಿಗಳೂ ಇಲ್ಲ, ಜವೆಗೋಧಿಯೂ ಇಲ್ಲ, ಪೂರ್ತಿ ಗಣಿತ. ಒಂದು ತಿಂಗಳೆಂದರೆ 29 ದಿನ, 12 ಗಂಟೆ, ಗಂಟೆಯ 1080 ಭಾಗಗಳಲ್ಲಿ 793. ಟಾಲೆಮಿಯ ‘ಆಲ್ಮಜೆಸ್ಟ್’ನಲ್ಲಿರುವುದೂ ಬಾಬಿಲೋನಿನ ಖಗೋಳಜ್ಞರಿಂದ ಬಂದ ಇದೇ ಅಂಕಿ, ಇಂದಿನ ಅಳತೆಗೂ ಅದಕ್ಕೂ ಅರ್ಧ ಸೆಕೆಂಡಿನಷ್ಟೇ ಅಂತರ. 19 ವರ್ಷಗಳ ಚಕ್ರದಲ್ಲಿ 3, 6, 8, 11, 14, 17 ಮತ್ತು 19ನೆಯ ವರ್ಷಗಳಿಗೆ ಅಧಿಕ ಅದಾರ್. ತಿಶ್ರಿಯ ಮೊದಲ ದಿನ ಭಾನುವಾರ, ಬುಧವಾರ, ಶುಕ್ರವಾರ ಬರಬಾರದು, ಬಂದರೆ ಒಂದು ದಿನ ಮುಂದಕ್ಕೆ. ಬುಧವಾರ ಇಲ್ಲವೇ ಶುಕ್ರವಾರ ಬಿಟ್ಟುಕೊಟ್ಟರೆ ದೋಷಪರಿಹಾರಕ ದಿನ ಸಬ್ಬತ್ತಿನ ಹಿಂದೆಯೋ ಮುಂದೆಯೋ ಅಂಟಿಕೊಂಡು ಎರಡು ದಿನ ಅಡುಗೆಯೂ ಇಲ್ಲ, ಶವಸಂಸ್ಕಾರವೂ ಇಲ್ಲ ಎಂಬಂತಾಗುತ್ತದೆ. ಸಂಪ್ರದಾಯ ಈ ಗಣಿತವನ್ನು 4ನೆಯ ಶತಮಾನದ ಎರಡನೆಯ ಹಿಲ್ಲೇಲನಿಗೆ ಆರೋಪಿಸುತ್ತದೆ. ಆದರೆ ನಿಯಮಗಳು ಒಮ್ಮೆಗೇ ಗಟ್ಟಿಯಾಗಲಿಲ್ಲ. 922ರಲ್ಲೂ ಪ್ಯಾಲೆಸ್ಟೈನಿನ ಬೆನ್ ಮೇಯಿರ್ ಮತ್ತು ಬಾಬಿಲೋನಿನ ಪರ ನಿಂತ ಸಾದಿಯಾ ಗಂಟೆಯ 642 ಭಾಗಗಳ ವ್ಯತ್ಯಾಸಕ್ಕಾಗಿ ಕಾದಾಡಿ, ಎರಡು ಕಡೆಯವರು ಎರಡು ದಿನದ ಅಂತರದಲ್ಲಿ ಪಸ್ಕ ಆಚರಿಸಿದರು.

ಇದರಿಂದ ಬೈಬಲ್ ಓದುಗನಿಗೆ ಒದಗುವ ಎಚ್ಚರಿಕೆ ದೊಡ್ಡದು. ಇಂದಿನ ಗಣಿತವನ್ನು ಹಿಂದಕ್ಕೆ ಓಡಿಸಿ ಒಂದನೆಯ ಶತಮಾನದ ಘಟನೆಗೆ ದಿನ ನಿಗದಿ ಮಾಡುವ ತಂತ್ರಾಂಶಗಳ ಫಲಿತಾಂಶವನ್ನು ಪ್ರಮಾಣವೆಂದು ಹಿಡಿಯುವಂತಿಲ್ಲ. ಯೇಸುವಿನ ಮರಣದ ದಿನವನ್ನೇ ನೋಡಬಹುದು. ಪಿಲಾತ ಅಧಿಕಾರದಲ್ಲಿದ್ದದ್ದು ಕ್ರಿ.ಶ. 26ರಿಂದ 36. ಮೊದಲ ಮೂರು ಸುವಾರ್ತೆಗಳಲ್ಲಿ ಕೊನೆಯ ಊಟವೇ ಪಸ್ಕದ ಊಟ, ಅಂದರೆ ಮರಣ ನಿಸಾನ್ 15. ಯೋಹಾನನಲ್ಲಿ ಪಸ್ಕದ ಊಟ ಇನ್ನೂ ಆಗಿಲ್ಲ (18:28), ಅಂದರೆ 14. ನಿಸಾನ್ 14 ಶುಕ್ರವಾರ ಬರುವ ವರ್ಷಗಳನ್ನು ಚಂದ್ರನ ಲೆಕ್ಕದಿಂದ ಹುಡುಕಿದರೆ ಮುಖ್ಯವಾಗಿ ಎರಡು ಉಳಿಯುತ್ತವೆ: 30ರ ಏಪ್ರಿಲ್ 7 ಮತ್ತು 33ರ ಏಪ್ರಿಲ್ 3. ಐಸಾಕ್ ನ್ಯೂಟನ್ ಕೂಡ ಈ ಲೆಕ್ಕಕ್ಕೆ ಕೈಹಾಕಿ 34ರ ಏಪ್ರಿಲ್ 23 ಎಂದಿದ್ದ. 1983ರಲ್ಲಿ ಹಂಫ್ರೀಸ್ ಮತ್ತು ವಾಡಿಂಗ್ಟನ್ ‘ನೇಚರ್’ ಪತ್ರಿಕೆಯಲ್ಲಿ 33ನ್ನು ಎತ್ತಿಹಿಡಿದರು, ಆ ಸಂಜೆ ಯೆರೂಸಲೇಮಿನಲ್ಲಿ ಭಾಗಶಃ ಚಂದ್ರಗ್ರಹಣದೊಂದಿಗೆ ಚಂದ್ರ ಮೂಡಿತ್ತೆಂಬುದು ಅವರ ಆಧಾರಗಳಲ್ಲೊಂದು. ಆದರೂ ಆ ವರ್ಷ ಜವೆಗೋಧಿ ಬಲಿತಿತ್ತೇ, ಎಳೆ ಚಂದ್ರನನ್ನು ಹುಡುಕಿದ ಸಂಜೆ ಮೋಡವಿತ್ತೇ ಎಂಬುದನ್ನು ಯಾವ ಗಣಿತವೂ ಹೇಳದು. ಒಂದು ಮಾತು ಮಾತ್ರ ಖಚಿತ: ಶಿಲುಬೆಯ ದಿನ ಸುವಾರ್ತೆಗಳು ಹೇಳುವ ಮಧ್ಯಾಹ್ನದ ಮೂರು ತಾಸಿನ ಕತ್ತಲೆ ಸೂರ್ಯಗ್ರಹಣವಲ್ಲ. ಸೂರ್ಯಗ್ರಹಣ ಅಮಾವಾಸ್ಯೆಗೆ ಮಾತ್ರ, ಪಸ್ಕ ಹುಣ್ಣಿಮೆಗೆ. ಇದನ್ನು 3ನೆಯ ಶತಮಾನದ ಕ್ರೈಸ್ತ ಲೇಖಕ ಜೂಲಿಯಸ್ ಆಫ್ರಿಕಾನಸ್ ಆಗಲೇ ಎತ್ತಿ ತೋರಿಸಿದ್ದ.

ದಿನ ಹಿಡಿಯಲಾಗದ ಕಡೆಯೂ ಋತುವನ್ನು ಹಿಡಿಯಬಹುದು, ಬಹಳಷ್ಟು ಸಂದರ್ಭಗಳಲ್ಲಿ ಅಷ್ಟೇ ಸಾಕು. ಅಪೊಸ್ತಲರ ಕೃತ್ಯಗಳು 27:9ರಲ್ಲಿ, ಪೌಲನ ಕಡಲಪಯಣದ ನಡುವೆ, ಉಪವಾಸದ ದಿನ ಕಳೆದುಹೋಗಿತ್ತು, ಪ್ರಯಾಣ ಅಪಾಯಕರವಾಗಿತ್ತು ಎಂಬ ಅರ್ಥದ ಮಾತಿದೆ. ಉಪವಾಸವೆಂದರೆ ದೋಷಪರಿಹಾರಕ ದಿನ, ಸೆಪ್ಟೆಂಬರ್ ಕೊನೆ ಇಲ್ಲವೇ ಅಕ್ಟೋಬರ್. ರೋಮನ್ ಲೇಖಕ ವೆಜಿಟಿಯಸ್ ಪ್ರಕಾರ ಸೆಪ್ಟೆಂಬರ್ ಮಧ್ಯದ ನಂತರ ಕಡಲು ನಂಬಲರ್ಹವಲ್ಲ, ನವೆಂಬರ್ 11ರಿಂದ ಮಾರ್ಚ್ 10ರವರೆಗೆ ಮುಚ್ಚಿದಂತೆಯೇ. ಪೌಲನ ಹಡಗು ಒಡೆದದ್ದು ಯಾಕೆಂದು ಆ ಒಂದು ಹಬ್ಬದ ಹೆಸರಿನಲ್ಲೇ ಇದೆ.

ಗಣಿತದ ಪಂಚಾಂಗಕ್ಕೂ ಒಂದು ಸಣ್ಣ ಕುಂದಿದೆ. ಅದರ ಸರಾಸರಿ ವರ್ಷ ನಿಜವಾದ ಋತುಚಕ್ರಕ್ಕಿಂತ ಆರೂವರೆ ನಿಮಿಷಕ್ಕೂ ಸ್ವಲ್ಪ ಹೆಚ್ಚು ಉದ್ದ. ಸುಮಾರು 216 ವರ್ಷಕ್ಕೆ ಒಂದು ದಿನದಂತೆ ಪಸ್ಕ ಬೇಸಿಗೆಯ ಕಡೆಗೆ ಸರಿಯುತ್ತಿದೆ. 2024ರಲ್ಲಿ ವಿಷುವದ ನಂತರದ ಮೊದಲ ಹುಣ್ಣಿಮೆ ಬಂದದ್ದು ಮಾರ್ಚ್ 25ರಂದು. ಕ್ರೈಸ್ತರು ಮಾರ್ಚ್ 31ಕ್ಕೆ ಈಸ್ಟರ್ ಆಚರಿಸಿದರು. 19ರ ಚಕ್ರದ ಎಂಟನೆಯ ವರ್ಷವಾದ್ದರಿಂದ ಯೆಹೂದ್ಯರಿಗೆ ಅದು ಅಧಿಕ ಅದಾರ್ ಇದ್ದ ವರ್ಷ. ಅವರ ಪಸ್ಕ ಏಪ್ರಿಲ್ 22ರ ಸಂಜೆ ಶುರುವಾಯಿತು. ತಿದ್ದುಪಡಿ ಮಾಡುವ ಅಧಿಕಾರವಿದ್ದ ಹಿರಿಯರ ಸಭೆ ಶತಮಾನಗಳ ಹಿಂದೆಯೇ ನಿಂತುಹೋಗಿದೆ, ಅದರ ಜಾಗಕ್ಕೆ ಬೇರೊಂದು ಬಂದಿಲ್ಲ.